ಬೇಳೆ ವ್ಯಾಪಾರಿಯ ಪಥ್ಯ

ತರಗುಪೇಟೆಯಲ್ಲಿ ಬೇಳೆ ಮಾರಿ ನಮ್ಮನ್ನೆಲ್ಲ ಸಾಕಿದ ಅಪ್ಪ, ಹರ್ನಿಯಾ ಆಪರೇಷನ್ ಆದಾಗಿನಿಂದ ಮನೆಯಲ್ಲಿ ಒಂದು ಸೌಟು ಬೇಳೆ ಕಂಡಿಲ್ಲ ಸ್ನೇಹಿತರೇ. ಬೇಳೆ ನಂಜು, ತಿಂದರೆ ಹೊಲಿಗೆ ಕೀವು ಕಟ್ಟುತ್ತದೆ ಎಂಬುದು ಅಮ್ಮನ ನಂಬಿಕೆ. ಹಾಗಾಗಿ ಮೂರು ಹೊತ್ತೂ ಬಿಳಿ ಅನ್ನ, ಮೆಣಸಿನ ಸಾರು. ಅಪ್ಪನಿಗೆ ಮೊದಲೇ ಸಕ್ಕರೆ ಕಾಯಿಲೆ.

ಇವತ್ತು ಬೆಳಿಗ್ಗೆ ಚಾಮರಾಜಪೇಟೆಯ ನರ್ಸಿಂಗ್ ಹೋಮಿನಲ್ಲಿ ಬ್ಯಾಂಡೇಜ್ ಬಿಚ್ಚಿದ ಡಾಕ್ಟರು ಹುಬ್ಬು ಗಂಟಿಕ್ಕಿದರು. ಗಾಯ ಕೂಡಿರಲಿಲ್ಲ, ಅಂಚು ಕೆಂಪಗೆ ಊದಿತ್ತು.

"ಶುಗರ್ ಇಷ್ಟೊಂದು ಏರಿದ್ರೆ ಗಾಯ ಹೇಗಮ್ಮಾ ಮಾಯತ್ತೆ? ಊಟಕ್ಕೆ ಏನು ಕೊಡ್ತಿದೀರಾ?"

"ಪಥ್ಯ ಬಿಟ್ಟು ಏನೂ ಕೊಟ್ಟಿಲ್ಲ ಡಾಕ್ಟ್ರೇ. ಬರೀ ಅನ್ನ, ಸಾರು," ಎಂದರು ಅಮ್ಮ, ಹೆಮ್ಮೆಯಿಂದ.

"ಅನ್ನ ಕಮ್ಮಿ ಮಾಡಿ. ಬೇಳೆ, ಕಾಳು, ತರಕಾರಿ ಕೊಡಿ. ಗಾಯ ಕೂಡೋಕೆ ಅದೇ ಬೇಕು. ಈ ವಾರ ಶುಗರ್ ಇಳೀದಿದ್ರೆ ಮತ್ತೆ ಅಡ್ಮಿಟ್ ಮಾಡ್ಬೇಕಾಗತ್ತೆ."

ಆಟೋದಲ್ಲಿ ಅಮ್ಮ ನನಗೆ ಮೆಲ್ಲಗೆ ಹೇಳಿದರು: "ಡಾಕ್ಟ್ರಿಗೆ ಇನ್ನೂ ಚಿಕ್ಕ ವಯಸ್ಸು. ಅವ್ರ ಮನೇಲಿ ಹೇಳೋ ಹಿರೀರು ಇಲ್ಲ ಅನ್ಸತ್ತೆ."

"ನನ್ನ ಬೇಳೆ ತಿಂದು ಇಡೀ ಪೇಟೆ ಬದುಕಿದೆ ಕಣೇ," ಎಂದರು ಅಪ್ಪ, ಹೊಟ್ಟೆ ಹಿಡಿದುಕೊಂಡೇ.

ಅಡ್ಮಿಟ್ ಎಂಬ ಮಾತಿಗೆ ಹೆದರಿ ಅಮ್ಮ ಮಧ್ಯಾಹ್ನ ತೊವ್ವೆ ಮಾಡಿದರು. ಅಪ್ಪನಿಗೆ ಬಡಿಸುವ ಮೊದಲು, ಏನಾದರೂ ಆಗುತ್ತದೋ ನೋಡೋಣವೆಂದು ತಾವೇ ಒಂದು ಬಟ್ಟಲು ತಿಂದರು. ನಾನು ಇದನ್ನು ಟೈಪ್ ಮಾಡುತ್ತಿರುವಾಗ ಅಮ್ಮ ಗಡಿಯಾರ ನೋಡುತ್ತಿದ್ದಾರೆ, ಅಪ್ಪ ಖಾಲಿ ತಟ್ಟೆಯ ಮುಂದೆ ಕಾಯುತ್ತಿದ್ದಾರೆ. ಗಾಯ ಇರುವುದು ಅಮ್ಮನಿಗಲ್ಲ ಎಂದು ಹೇಳಲು ಮಾತ್ರ ನಮ್ಮಿಬ್ಬರಿಗೂ ಬಾಯಿ ಬರುತ್ತಿಲ್ಲ.