ಎಳೆದರೆ ನಿಲ್ಲಬೇಕು

ಆ ಸಂಜೆ ನನ್ನ ಕೈಯಲ್ಲಿದ್ದ ಹಗ್ಗ ಮೊದಲ ಬಾರಿಗೆ ದಾರಿಯುದ್ದಕ್ಕೂ ಸಡಿಲವಾಗಿ ಜೋಲಾಡುತ್ತಿತ್ತು. ದಿನವೂ ನನ್ನನ್ನು ಕುಂದಾ ಬೆಟ್ಟದ ಇಳಿಜಾರಿನಲ್ಲಿ ದರದರನೆ ಎಳೆದೊಯ್ಯುತ್ತಿದ್ದ ನಮ್ಮ ನಾಯಿ ಭೀಮ, ಕಾಲಿಗೆ ಮೈ ತಾಗಿಸಿಕೊಂಡು ಸಾಧುವಾಗಿ ನಡೆಯುತ್ತಿದ್ದ.

ಅವನು ಎಳೆದಾಗಲೆಲ್ಲ ನಾನು ಅಲ್ಲಾಡದೆ ನಿಂತುಬಿಡುವುದು, ಹಗ್ಗ ಸಡಿಲವಾದ ಮೇಲೆಯೇ ಮುಂದಿನ ಹೆಜ್ಜೆ ಇಡುವುದು. ನಾನು ಕಲಿಸುತ್ತಿದ್ದ ಪಾಠ ಇಷ್ಟೇ. ಆದರೆ ಟೀ ಗಿಡಗಳ ನಡುವಿನ ದಾರಿ ಒಬ್ಬರಿಗಷ್ಟೇ ಸಾಲುತ್ತದೆ. ನಾನು ನಿಂತರೆ, ಹಿಂದೆ ಎಲೆಯ ಮೂಟೆ ಹೊತ್ತು ಬರುವ ಹೆಂಗಸರ ಸಾಲೂ ನಿಲ್ಲಬೇಕು. "ಎಲ್ಲಾ ನಿಲ್ಲಿ, ನಾಯಿಗೆ ಕ್ಲಾಸ್ ನಡೀತಾ ಇದೆ" ಎಂದು ನಮ್ಮ ಹಟ್ಟಿಯ ಹಿರಿಯಜ್ಜಿ ಮಾದಿ ಹೆತ್ತೆ ಹಿಂದಿನವರಿಗೆ ಕೂಗಿ ಹೇಳುತ್ತಿದ್ದರು.

ಅಂದು ಖುಷಿ ತಡೆಯಲಾಗದೆ ನಾನೇ ಓಡತೊಡಗಿದೆ. ಹಗ್ಗ ಬಿಗಿಯಾಯಿತು. ಭೀಮ ನಾಲ್ಕೂ ಕಾಲೂರಿ ನಿಂತ. ನನ್ನ ಮುಖವನ್ನೇ ನೋಡುತ್ತಾ, ಹಗ್ಗ ಸಡಿಲವಾಗುವವರೆಗೆ ಕದಲಲೇ ಇಲ್ಲ. ಹಿಂದಿನ ಸಾಲೂ ನಿಂತಿತು.

"ಇವತ್ತು ಕ್ಲಾಸ್ ಇವಳಿಗೆ" ಎಂದರು ಹೆತ್ತೆ. ಎಲ್ಲರೂ ನಕ್ಕ ರಭಸಕ್ಕೆ ಯಾರದೋ ತಲೆಯ ಮೇಲಿನ ಮೂಟೆ ಗಿಡಗಳ ಮೇಲೆ ಉರುಳಿತು.

ಇಷ್ಟು ವರ್ಷಗಳಾದ ಮೇಲೆ ಈಗ, ಶಾಲೆಗೆ ತಡವಾಯಿತೆಂದು ಮಗಳ ಕೈ ಹಿಡಿದು ಎಳೆದರೆ, ಅವಳೂ ಭೀಮನಂತೆಯೇ ಕಾಲೂರಿ ನಿಂತು ನನ್ನ ಮುಖ ನೋಡುತ್ತಾಳೆ. ನಾನು ಕೈ ಸಡಿಲಿಸುತ್ತೇನೆ.