ಬೆಳಕಿದ್ದರೂ ಫ್ಲ್ಯಾಶ್ ಹೊಡೆಯುವ ಫ್ಲ್ಯಾಶಕ್ಕ

ಕೆರೆಯ ಆಚೆ ದಡದಲ್ಲಿ ಸೂರ್ಯ ಈಗಷ್ಟೇ ತಲೆ ಎತ್ತುತ್ತಿದ್ದಾನೆ. ವಾಕಿಂಗ್ ಮುಗಿಸಿದ ಗಂಡ-ಹೆಂಡತಿ ನೀರಿಗೆ ಬೆನ್ನು ಹಾಕಿ, ಉಸಿರು ಬಿಗಿಹಿಡಿದು ಕಟ್ಟೆಯ ಮೇಲೆ ಕೂತಿದ್ದಾರೆ. ಎರಡು ಹೆಜ್ಜೆ ಎದುರಿಗೆ ಪುಟ್ಟ ಹಳೇ ಕ್ಯಾಮೆರಾ ಹಿಡಿದ ಹೆಂಗಸು. ಫ್ಲ್ಯಾಶ್ ಪಳಕ್ಕೆನ್ನುತ್ತದೆ. ಇಬ್ಬರೂ ಉಸ್ಸಪ್ಪಾ ಎಂದು ಪರಸ್ಪರ ಮುಖ ನೋಡಿ ನಕ್ಕುಬಿಡುತ್ತಾರೆ. ಮತ್ತೊಮ್ಮೆ ಪಳಕ್! ಫೋಟೋ ಬಿದ್ದದ್ದು ಈಗ.

ಮೊದಲನೆಯದು, ಫೋಟೋದಲ್ಲಿ ಕಣ್ಣು ಕೆಂಪಾಗದಿರಲೆಂದು ಕ್ಯಾಮೆರಾ ಮುಂಚೆಯೇ ಕೊಡುವ ಮಿನುಗು. "ಜನ ಅಷ್ಟಕ್ಕೇ ಮುಗೀತು ಅಂದ್ಕೋತಾರೆ. ಒಳಗೆ ಎಳ್ಕೊಂಡಿದ್ದ ಹೊಟ್ಟೆ ಬಿಡ್ತಾರೆ, ನಗ್ತಾರೆ. ನನಗೆ ಬೇಕಾಗಿರೋದೂ ಅದೇ," ಎಂದು ಕಣ್ಣು ಮಿಟುಕಿಸುತ್ತಾರೆ, ಇಲ್ಲಿ ಎಲ್ಲರ ಬಾಯಲ್ಲೂ ಫ್ಲ್ಯಾಶಕ್ಕ ಆಗಿರುವ ಈಕೆ.

ಎಲ್ಲರ ಜೇಬಿನಲ್ಲೂ ಫೋನಿದೆ, ಆದರೂ ದಿನಕ್ಕೆ ಹತ್ತು-ಹದಿನೈದು ಗಿರಾಕಿಗಳು ಬರುತ್ತಾರೆ. ಇಷ್ಟು ಬೆಳಕಲ್ಲಿ ಫ್ಲ್ಯಾಶ್ ಯಾಕಮ್ಮಾ ಎಂದು ನಾನೂ ಕೇಳಿದೆ. "ಸೂರ್ಯ ಬೆನ್ನ ಹಿಂದಿದ್ರೆ ಮುಖ ದೋಸೆ ಹಂಚಿನ ತಳದ ಥರ ಕಪ್ಪಾಗುತ್ತೆ ಸಾರ್. ಒಂಚೂರು ಫ್ಲ್ಯಾಶ್ ಕೊಟ್ರೆ ಮುಖಾನೂ ಉಳಿಯುತ್ತೆ, ಸೂರ್ಯನೂ ಉಳೀತಾನೆ. ಆದ್ರೆ ಹತ್ತಿರ ನಿಲ್ಬೇಕು. ದೂರ ಆದ್ರೆ ಈ ಪುಟಾಣಿ ಬೆಳಕು ದಾರೀಲೇ ಸುಸ್ತಾಗುತ್ತೆ."

ಸ್ಟುಡಿಯೋವೊಂದರಲ್ಲಿ ನೆಲ ಗುಡಿಸಿ, ಫೋಟೋ ಅಂಚು ಕತ್ತರಿಸುತ್ತಿದ್ದವರು ಇವರು. ಅದು ಮುಚ್ಚಿದ ದಿನ ಮಾಲೀಕರು ಈ ಕ್ಯಾಮೆರಾ ಕೈಗಿಟ್ಟರು. ಮೊದಮೊದಲು ತೆಗೆದ ಮುಖಗಳೆಲ್ಲ ಸುಣ್ಣ ಹೊಡೆದ ಗೋಡೆ! ಗಿರಾಕಿಯೊಬ್ಬರು ಮುಖದ ಮೇಲೆ ಹೊಡೆದಂತೆ ಬೈದಾಗ ಮನೆಗೆ ಬಂದು ಗಳಗಳ ಅತ್ತರಂತೆ. ಆಗ ಬಟ್ಟೆ ಹೊಲಿಯುವ ಅತ್ತೆ, ಅಳತೆ ಬರೆಯುವ ಬಟರ್ ಪೇಪರಿನ ಚೂರೊಂದನ್ನು ಫ್ಲ್ಯಾಶಿಗೆ ಅಂಟಿಸಿ, "ಕಿಟಕಿಗೆ ಪರದೆ ಹಾಕಲ್ವೇನೇ, ಹಾಗೇ," ಎಂದರು. ಬೆಳಕು ಮೆತ್ತಗಾಯಿತು, ಸಂಸಾರ ನೆಲೆ ನಿಂತಿತು.

ಆ ಅತ್ತೆಯದೇ ಒಂದೂ ಫೋಟೋ ಸರಿಯಾಗಿಲ್ಲ. ಮದುವೆಯದರಿಂದ ಹಿಡಿದು ಎಲ್ಲದರಲ್ಲೂ ಕಣ್ಣು ಮುಚ್ಚಿದೆ. ಸೊಸೆ ತೆಗೆದರೂ ಅಷ್ಟೇ: ಎರಡು ಮಿನುಗಿನ ಗುಟ್ಟು ಗೊತ್ತಿರುವುದರಿಂದ, ಮೊದಲನೆಯದಕ್ಕೆ ಮುಚ್ಚಿದವರು ಎರಡನೆಯದು ಮುಗಿಯುವ ತನಕ ತೆರೆಯುವುದೇ ಇಲ್ಲ. "ಮೊಮ್ಮಕ್ಕಳು ಅಜ್ಜಿ ಯಾವಾಗ್ಲೂ ಮಲಗೇ ಇದ್ಲು ಅಂತ ತಿಳ್ಕೊಳ್ಳೋದಾ?" ಎಂಬ ಅವರ ಕೊರಗು ಸೊಸೆಗೆ ಮುಳ್ಳಾಗಿದೆ.

ಇಂದು ತಿಂಡಿ ಡಬ್ಬಿ ಹಿಡಿದು ಬಂದ ಅತ್ತೆಯನ್ನು ಫ್ಲ್ಯಾಶಕ್ಕ ಬಿಡುವುದಿಲ್ಲ, ಕಟ್ಟೆಗೆ ಕೂರಿಸುತ್ತಾರೆ. ಪಳಕ್, ಪಳಕ್. ಎರಡಕ್ಕೂ ಕಣ್ಣು ಭದ್ರ! "ಆಯ್ತು ಬಿಡಿ ಅತ್ತೆ," ಎನ್ನುತ್ತಾ ಸೊಸೆ ಕ್ಯಾಮೆರಾದ ಗುಂಡಿಯೊಂದನ್ನು ಒತ್ತುತ್ತಾರೆ. ಅತ್ತೆ ಕಣ್ಣರಳಿಸಿ, "ಬಂತೇನೇ?" ಎನ್ನುವಷ್ಟರಲ್ಲಿ ಒಂದೇ ಒಂದು ಪಳಕ್.

"ಮುಂಚಿನ ಮಿನುಗು ನಿಲ್ಲಿಸ್ಬಿಟ್ಟೆ. ಒಂದೇ ಆದ್ರೆ ರೆಪ್ಪೆ ಬಡಿಯೋಕೂ ಪುರುಸೊತ್ತಿಲ್ಲ. ಮಿಕ್ಕೋರನ್ನ ನಗ್ಸೋದೇ ಆ ಮಿನುಗು, ಅದಕ್ಕೇ ನಿಲ್ಲಿಸೋ ಯೋಚನೆನೇ ಬಂದಿರ್ಲಿಲ್ಲ. ನಿನ್ನೆ ಪಾತ್ರೆ ತಿಕ್ಕೋವಾಗ ಹೊಳೀತು ನೋಡಿ!"

ಚೀಲದಲ್ಲಿದ್ದ ಪುಟ್ಟ ಪ್ರಿಂಟರಿನಿಂದ ಬಂದ ಫೋಟೋವನ್ನು ಅತ್ತೆ ಕನ್ನಡಕ ಏರಿಸಿ ನೋಡುತ್ತಾರೆ. "ಅಯ್ಯೋ, ನನ್ನ ಕಣ್ಣು ಇಷ್ಟು ಚೆನ್ನಾಗಿದೆಯಾ! ಇಷ್ಟು ವರ್ಷ ಮುಚ್ಚಿಟ್ಟೇ ಬಿಟ್ನಲ್ಲೇ!" ಡಬ್ಬಿ ಅಲ್ಲೇ ಬಿಟ್ಟು, ವಾಕಿಂಗಿನವರನ್ನೆಲ್ಲ ತಡೆದು ತಡೆದು ತೋರಿಸುತ್ತಾರೆ. ನಾನೂ ಖುಷಿ ತಡೆಯಲಾಗದೆ ಚಪ್ಪಾಳೆ ಹೊಡೆಯುತ್ತೇನೆ.

ಇನ್ನೇನು ಆಸೆ ಎಂದು ಫ್ಲ್ಯಾಶಕ್ಕನನ್ನು ಕೇಳುತ್ತೇನೆ. ಕ್ಯಾಮೆರಾದ ಪರದೆಯನ್ನು ನನ್ನ ಕಡೆ ತಿರುಗಿಸುತ್ತಾರೆ.

"ಆಸೆ ಎಲ್ಲಾ ಆಯ್ತು ಸಾರ್. ಕಣ್ಣು ಬಿಟ್ಟು ಅತ್ತೆ ಯಾರನ್ನ ನೋಡ್ತಿದ್ದಾರೆ ನೋಡಿ. ನನ್ನನ್ನೇ."