ಪರದೆ ಕಪ್ಪಾದಾಗ ಓಡಿದವನು

ನಮ್ಮ ಶಾಲೆಗೆ ಪ್ರೊಜೆಕ್ಟರ್ ಬಂದ ದಿನದಿಂದ ಅದರ ರಿಮೋಟು ನನ್ನ ಅಂಗಿ ಜೇಬಿನಲ್ಲೇ ಇರುತ್ತಿತ್ತು. ನ್ಯಾಮತಿ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅದು ಜೇಬಿನಿಂದ ಇಣುಕುತ್ತಿತ್ತು. ನೋಡಿದವರಿಗೆ ನಾನು ಕಂಪ್ಯೂಟರ್ ಬಲ್ಲ ವಿಜ್ಞಾನದ ಮೇಷ್ಟ್ರು ಎಂದು ತಿಳಿಯಲಿ ಎಂಬ ಆಸೆ. ಟಿವಿ ರಿಪೇರಿಯವನು ಎಂದುಕೊಂಡವರೇ ಹೆಚ್ಚು.

ಸ್ಲೈಡ್ ಮಾಡುವುದರಲ್ಲಿ ನನ್ನ ಸಮ ಯಾರೂ ಇಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ನನ್ನ ಅಕ್ಷರಗಳು ಸುಮ್ಮನೆ ಬರುತ್ತಿರಲಿಲ್ಲ. ಒಂದು ಸಾಲು ಬಲಗಡೆಯಿಂದ ಹಾರಿ ಬಂದರೆ ಇನ್ನೊಂದು ಮೇಲಿನಿಂದ ಪುಟಿಯುತ್ತಾ ಬೀಳುತ್ತಿತ್ತು, ಮತ್ತೊಂದು ಬುಗುರಿಯಂತೆ ತಿರುಗಿ ನಿಲ್ಲುತ್ತಿತ್ತು. ಪ್ರತಿ ಸಾಲಿಗೂ ಚಪ್ಪಾಳೆಯ ಸದ್ದು ಜೋಡಿಸಿದ್ದೆ. ಮಕ್ಕಳು ತಾವಾಗಿ ತಟ್ಟಲಿ ಎಂದು ಕಾಯುತ್ತಾ ಕೂರುವವರಾರು?

ಹೀಗಿರುವಾಗ ಹೊಸ ಟೀಚರ್ ಬಂದರು. ಅವರದೂ ವಿಜ್ಞಾನವೇ. ಊರು ಬಸವಾಪಟ್ಟಣ, ಹೊನ್ನಾಳಿಯಲ್ಲಿ ರೂಮು ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದರು. ಸ್ಲೈಡ್ ಬರುವುದಿಲ್ಲ, ಕಲಿಸಿಕೊಡಿ ಎಂದರು. ನಾನು ಉಬ್ಬಿಹೋಗಿ ಊಟದ ಬಿಡುವಿನಲ್ಲೆಲ್ಲ ಫೋಟೊ ಹಾಕುವುದು, ಅಕ್ಷರ ಕುಣಿಸುವುದು, ಸದ್ದು ಜೋಡಿಸುವುದು ಹೇಳಿಕೊಟ್ಟೆ. ಅವರು ಫೋಟೊ ಹಾಕುವುದನ್ನು ಕಲಿತು, ನನಗೆ ಇಷ್ಟು ಸಾಕು ಅಂದರು. ಪಾಪ, ತಲೆಗೆ ಹತ್ತುತ್ತಿಲ್ಲ ಎಂದುಕೊಂಡೆ.

ತಿಂಗಳು ಕಳೆಯುವುದರೊಳಗೆ ಮಕ್ಕಳು ನನ್ನನ್ನು ಕಂಡ ಕೂಡಲೇ, ಇವತ್ತು ಮಿಸ್ ಬರಲ್ವಾ ಸಾರ್ ಎಂದು ಕೇಳತೊಡಗಿದರು. ಅವತ್ತು ನಾನು ಮಿರ್ಚಿ ತಿಂದಿರಲಿಲ್ಲ. ಆದರೂ ಹೊಟ್ಟೆ ಉರಿಯಿತು.

ಆ ಉರಿಗೆ ತುಪ್ಪ ಸುರಿದಂತೆ ಮೇಲಿನವರಿಂದ ಆದೇಶ ಬಂತು. ಸ್ಲೈಡ್ ಇಟ್ಟುಕೊಂಡು ಪಾಠ ಮಾಡುವುದು ಹೇಗೆಂದು ಹೊನ್ನಾಳಿ, ಚನ್ನಗಿರಿ, ಜಗಳೂರಿನ ಶಿಕ್ಷಕರಿಗೆ ಕಲಿಸಲು ಒಬ್ಬರು ಬೇಕು. ನಾವಿಬ್ಬರೂ ಒಂದೇ ತರಗತಿಗೆ ಒಂದೇ ಪಾಠ ಮಾಡಬೇಕು, ಅಧಿಕಾರಿ ಹಿಂದೆ ಕೂತು ನೋಡಿ ಒಬ್ಬರನ್ನು ಆರಿಸುತ್ತಾರೆ. ನಾನು ಅಂದೇ ಮನೆಗೆ ಹೋಗಿ, ಆರಿಸಿ ಆಯಿತು, ನಾನೇ ಎಂದು ಹೇಳಿಬಿಟ್ಟೆ. ಅಮ್ಮ ಬೀದಿಗೆಲ್ಲ ಹೇಳಿದಳು. ಮರುದಿನ ಕ್ಷೌರದ ಅಂಗಡಿಯಲ್ಲಿ ನಾನು ಜಿಲ್ಲೆಗೇ ದೊಡ್ಡ ಸಾಹೇಬನಾಗಿದ್ದೆ.

ಮೊದಲ ಸರದಿ ನನ್ನದು. ಶಾಖದ ಪಾಠವನ್ನು ಪುಸ್ತಕದಿಂದ ಎತ್ತಿ ಪೂರ್ತಿ ಸ್ಲೈಡಿಗೆ ಸುರಿದಿದ್ದೆ. ಹಿಂದೆ ಸೂರ್ಯಾಸ್ತದ ಚಿತ್ರ, ಅದರ ಮೇಲೆ ಹಳದಿ ಅಕ್ಷರ. ನಡುವಿನ ಸಾಲುಗಳು ಸೂರ್ಯನಲ್ಲೇ ಕರಗಿಹೋಗಿದ್ದವು. ನಾನು ಮಕ್ಕಳಿಗೆ ಬೆನ್ನು ಹಾಕಿ ಓದುತ್ತಾ ಹೋದೆ. ಹಿಂದಿನಿಂದ ಪಿಸುಪಿಸು, ಕಿಸಿಕಿಸಿ. ಭಾರೀ ಆಸಕ್ತಿ ಎಂದು ಹಿಗ್ಗಿದೆ. ಮುಂದಿನ ಸಾಲು ಯಾವ ಮೂಲೆಯಿಂದ ಹಾರಿ ಬರುತ್ತದೆಂದು ಅವರು ಬಾಜಿ ಕಟ್ಟುತ್ತಿದ್ದದ್ದು ಆಮೇಲೆ ತಿಳಿಯಿತು.

ಟೀಚರ್ ತಂದದ್ದು ಒಂದೇ ಫೋಟೊ. ಅಕ್ಷರವೇ ಇಲ್ಲ. ಹೊನ್ನಾಳಿ ರಸ್ತೆಯ ಮೇಲೆ ಒಣಗಲು ಹರವಿದ ಮೆಕ್ಕೆಜೋಳ, ಬಸ್ಸಿನೊಳಗಿಂದ ತೆಗೆದದ್ದು. ಕಿಟಕಿಯ ಸರಳೂ ಅಡ್ಡ ಬಿದ್ದಿತ್ತು. ಆ ಸರಳನ್ನು ನೋಡಿ ನನಗೆ ಜೀವ ಬಂದ ಹಾಗಾಯಿತು. ಮಕ್ಕಳು ಮಾತ್ರ ಅದು ನಮ್ಮ ಮಾವನ ಜೋಳ, ಅಲ್ಲ ನಮ್ಮ ದೊಡ್ಡಪ್ಪನದು ಎಂದು ಜಗಳಕ್ಕೆ ಬಿದ್ದರು. ಟೀಚರ್ ಎಲ್ಲವನ್ನೂ ಕೇಳಿಸಿಕೊಂಡರು.

"ಪಕ್ಕದಾಗೆ ಅಷ್ಟು ಬಯಲು ಖಾಲಿ ಐತೆ. ಟಾರ್ ರೋಡಿನ ಮ್ಯಾಲೇ ಯಾಕೆ ಹಾಕ್ಯಾರೆ?" ಎಂದು ಕೇಳಿ, ಕೀಬೋರ್ಡಿನ ಮೇಲೆ ಏನೋ ಒತ್ತಿದರು. ಪರದೆ ಕಪ್ಪಾಯಿತು.

ಪರದೆ ಕಪ್ಪಾಯಿತೆಂದರೆ ನಮ್ಮ ಕಡೆ ಅದಕ್ಕೆ ಒಂದೇ ಕಾರಣ, ಕರೆಂಟು ಹೋಗಿದೆ. ನನ್ನ ಹೊಟ್ಟೆ ಒಮ್ಮೆಲೇ ತಣ್ಣಗಾಯಿತು. ಮರುಕ್ಷಣವೇ ಇನ್ನೊಂದು ಯೋಚನೆ ಬಂತು: ಅಧಿಕಾರಿಯ ಮುಂದೆ ದೊಡ್ಡತನ ತೋರಿಸಲು ಇದಕ್ಕಿಂತ ಒಳ್ಳೆ ಗಳಿಗೆ ಸಿಗದು. ಎದ್ದು ಓಡಿದೆ. ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು, ಅದನ್ನು ನೋಡುವಷ್ಟು ತಾಳ್ಮೆ ಯಾರಿಗಿದೆ? ಮೂಲೆಯಲ್ಲಿದ್ದ ಯುಪಿಎಸ್ ಮೇಲೆ ಬಿದ್ದು ಕಂಡ ಗುಂಡಿಯನ್ನೆಲ್ಲ ಅದುಮಿದೆ. ಅದು ಕೀಂ ಎಂದು ಪ್ರಾಣ ಬಿಟ್ಟಿತು. ಕಂಪ್ಯೂಟರು, ಪ್ರೊಜೆಕ್ಟರು ಎರಡೂ ಈಗ ನಿಜವಾಗಿಯೇ ನಿಂತವು.

ಪಾಠ ಮಾತ್ರ ನಿಲ್ಲಲಿಲ್ಲ. ಬಯಲಲ್ಲಿ ಹಾಕಿದರೆ ಮಣ್ಣು ಹತ್ತುತ್ತದೆ ಎಂದು ಒಬ್ಬಳು ಹೇಳಿದಳು. ಇನ್ನೊಬ್ಬ ಚಪ್ಪಲಿ ಇಲ್ಲದೆ ಮಧ್ಯಾಹ್ನ ಟಾರಿನ ಮೇಲೆ ನಡೆದು ಕಾಲು ಸುಟ್ಟುಕೊಂಡ ಕತೆ ತೆಗೆದ. ಮಣ್ಣಿಗಿಂತ ಟಾರು ಯಾಕೆ ಹೆಚ್ಚು ಸುಡುತ್ತದೆಂದು ಟೀಚರ್ ಕೇಳಿದರೆ, ಕರ್ರಗೈತಲ್ಲ ಮಿಸ್ ಎಂದು ಅರ್ಧ ತರಗತಿ ಕೂಗಿತು. ನಾನು ಯುಪಿಎಸ್ ತಬ್ಬಿಕೊಂಡು ನಿಂತದ್ದನ್ನು ಮಕ್ಕಳಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಅಧಿಕಾರಿ ನೋಡಿದ್ದರು.

"ಬೇಕಂತ ಪ್ರೊಜೆಕ್ಟರ್ ಆರಿಸಿದ್ರೇನ್ರೀ?" ಎಂದು ನನ್ನನ್ನು ಕೇಳಿದರು, ಪಾಠ ಮುಗಿದ ಮೇಲೆ, ಎಲ್ಲರ ಎದುರಿಗೆ.

ಅದು ಪೂರ್ತಿ ಸುಳ್ಳು ಎನ್ನುವಂತೆಯೂ ಇರಲಿಲ್ಲ. ಬೆಳಗಿನಿಂದ ಮನಸ್ಸಿನಲ್ಲಿ ಅದನ್ನೇ ಹತ್ತಾರು ಸಲ ಆರಿಸಿದ್ದೆ. ಟೀಚರೇ ನಡುವೆ ಬಂದರು.

"ಇಲ್ಲ ಸಾರ್. ಕೀಬೋರ್ಡಿನಾಗೆ ಬಿ ಅಕ್ಷರ ಒತ್ತಿದ್ರೆ ಪರದೆ ಕರ್ರಗಾಗತೈತೆ. ಹುಡುಗ್ರು ಫೋಟೊ ಬಿಟ್ಟು ನನ್ನ ಕಡೆ ನೋಡ್ಲಿ ಅಂತ ಒತ್ತಿದ್ದೆ. ಇವ್ರು ಕರೆಂಟು ಹೋತು ಅಂತ ಸಹಾಯ ಮಾಡಾಕೆ ಓಡಿದ್ರು."

ಬಿ ಒತ್ತಿದರೆ ಕಪ್ಪಾಗುತ್ತದೆ. ಗುರುವಾದ ನನಗೇ ಗೊತ್ತಿರಲಿಲ್ಲ. ಅವರು ಬುದ್ಧಿಯಲ್ಲಿ ಮುಂದೆ ಹೋದದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಒಳ್ಳೆಯತನದಲ್ಲೂ ಮುಂದೆ ಹೋದರೆ ಮನುಷ್ಯ ತಡೆದುಕೊಳ್ಳುವುದು ಹೇಗೆ?

ಅಧಿಕಾರಿ ಒಬ್ಬ ಹುಡುಗನನ್ನು ಎಬ್ಬಿಸಿ, ಮೊದಲು ಬಂದ ಸಾರ್ ಏನು ಕಲಿಸಿದರು ಎಂದು ಕೇಳಿದರು. ಅವನು ಬೆರಳು ತಿರುಗಿಸಿ ತೋರಿಸುತ್ತಾ, "ಅಕ್ಷರ ಹೆಂಗೆ ತಿರುಗ್ತಾವೆ ಅಂತ ಸಾರ್" ಎಂದ.

ಆರಿಸಿದ್ದು ಟೀಚರನ್ನು. ಜಗಳೂರಲ್ಲಿ ಬಿಸಿಲು ಜಾಸ್ತಿ, ನಾನೇ ಬೇಡ ಅಂದೆ ಎಂದು ಅಮ್ಮನಿಗೆ ಹೇಳಿದೆ.

ಹೊನ್ನಾಳಿಯಿಂದ ಟೀಚರಿಗೆ ಹೊಗಳಿಕೆ ಬಂತು. ಚನ್ನಗಿರಿಯಿಂದಲೂ ಬಂತು. ಜಗಳೂರಾದರೂ ನನ್ನ ಮಾನ ಉಳಿಸಲಿ ಎಂದು ಕಾದೆ. ಟೀಚರ್ ಅಲ್ಲಿಗೆ ಹೋದ ದಿನ ನಾನು ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತಿದ್ದಾಗ ಅವರ ಫೋನು ಬಂತು.

"ಸಾರ್, ಪರದೆ ಮ್ಯಾಲೆ ಏನೂ ಬರ್ತಾ ಇಲ್ಲ. ಎಲ್ಲಾರೂ ಬಂದು ಕುಂತವ್ರೆ. ಏನ್ ಮಾಡ್ಲಿ ಹೇಳ್ರಿ."

ನನಗೆ ಗೊತ್ತಿತ್ತು. ಗೊತ್ತಿಲ್ಲ ಎನ್ನಬಹುದಿತ್ತು. ವೈರು ಬದಲಿಸಿ ಎಂದು ಅವರನ್ನು ಪೇಟೆಗೆ ಓಡಿಸಬಹುದಿತ್ತು. ಎಂಥ ಸುಖ ನಾಲಿಗೆಯ ತುದಿಯಲ್ಲಿತ್ತು.

"ಸಾರ್, ಕೇಳ್ತೈತಾ?"

"ವಿಂಡೋಸ್ ಗುಂಡಿ ಒತ್ತಿ ಹಿಡ್ಕೊಂಡು ಪಿ ಒತ್ರಿ," ಎಂದೆ. "ಡೂಪ್ಲಿಕೇಟ್ ಅಂತ ಬರತೈತೆ, ಅದನ್ನ ಆರಿಸ್ರಿ."

ಬಂತು ಸಾರ್ ಎಂದವರೇ ಫೋನನ್ನು ಮೇಜಿನ ಮೇಲಿಟ್ಟು ಪಾಠಕ್ಕೆ ನಿಂತರು. ಲೈನು ಕತ್ತರಿಸಲು ಮರೆತಿದ್ದರು. ನಾನೂ ಕತ್ತರಿಸಲಿಲ್ಲ. ಎಲ್ಲಾದರೂ ತಪ್ಪು ಸಿಕ್ಕೀತೆಂಬ ಆಸೆಯಿಂದ ಕಿವಿಗೆ ಒತ್ತಿ ಹಿಡಿದೆ. ನನ್ನ ಮುಂದೆ ಪರದೆಯೂ ಇಲ್ಲ, ಫೋಟೊವೂ ಇಲ್ಲ. ಆದರೂ ಅವರ ಮಾತಿನಲ್ಲೇ ಬಿಸಿಲಲ್ಲಿ ನಿಂತ ಕುರಿ, ಪಕ್ಕದಲ್ಲಿ ಕುರುಬ, ಅವನ ಹೆಗಲ ಮೇಲೆ ಕರಿ ಕಂಬಳಿ ಎಲ್ಲ ಕಾಣತೊಡಗಿತು. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು.

ಗಂಟೆ ಹೊಡೆಯಿತು. ಮುಂದಿನ ತರಗತಿ ನನ್ನದೇ, ಎದ್ದೆ. ಅಷ್ಟರಲ್ಲಿ ಟೀಚರ್, ಇಂಥ ಬಿಸಿಲಲ್ಲೂ ಅವನು ಕಂಬಳಿ ಹೊದೆಯುವುದು ಯಾಕೆ ಎಂದು ಕೇಳಿದರು. ಜಗಳೂರಿನ ಮೇಷ್ಟ್ರುಗಳು ನೀವು ಹೇಳ್ರಿ, ನೀವು ಹೇಳ್ರಿ ಎಂದು ಒಬ್ಬರ ಮೇಲೊಬ್ಬರು ಹಾಕತೊಡಗಿದರು. ಉತ್ತರ ನನಗೂ ಗೊತ್ತಿರಲಿಲ್ಲ. ಎದ್ದವನು ಮತ್ತೆ ಕೂತೆ.